ಡೋರ್ ಹಾಕಿದೆ, ಮಷೀನ್ ಒಪ್ಪುತ್ತಿಲ್ಲ: ಗಾರ್ಡ್ ಡೋರ್ ಸೇಫ್ಟಿ ಸ್ವಿಚ್‌ನ ದೋಷ ಹುಡುಕುವುದು ಹೇಗೆ

ಬೆಳಗಾವಿಯ ಉದ್ಯಮಬಾಗದ ಒಂದು ಶೆಡ್‌ನಿಂದ ಬೆಳಿಗ್ಗೆ ಎಂಟಕ್ಕೇ ಫೋನ್ ಬಂತು. "ಸರ, ಡೋರ್ ಹಾಕೇ ಐತ್ರಿ. ಆದ್ರೂ ಡೋರ್ ಓಪನ್ ಅಂತ ತೋರಸಾಕತ್ತೈತಿ. ಜಾಬ್ ಅರ್ಧಕ್ಕ ನಿಂತೈತ್ರಿ." ಅದೇ ಮಷೀನ್, ಅದೇ ದೂರು, ಮೂರು ವಾರದಲ್ಲಿ ಮೂರನೇ ಸಲ. ಹೈಡ್ರಾಲಿಕ್ ವಾಲ್ವ್‌ಗಳ ಬಾಡಿಯಲ್ಲಿ ಬೋರಿಂಗ್ ಮಾಡುವ ಎಸ್‌ಪಿಎಂ, ಅಂದರೆ ಆ ಒಂದೇ ಕೆಲಸಕ್ಕೆಂದು ಕಟ್ಟಿಸಿದ ಮಷೀನ್, ಅದು. ಎದುರಿಗೆ ಪಾಲಿಕಾರ್ಬೊನೇಟ್ ಶೀಟಿನ ಸ್ಲೈಡಿಂಗ್ ಡೋರ್. ಅದರ ಅಂಚಿನಲ್ಲಿ, ಬಾಗಿಲು ತೆರೆದರೆ ಮಷೀನ್ ನಿಲ್ಲಿಸುವ ಸೇಫ್ಟಿ ಸ್ವಿಚ್. ಒಂದು ತುಂಡು ಬಾಗಿಲಿನಲ್ಲಿ, ಇನ್ನೊಂದು ಫ್ರೇಮಿನಲ್ಲಿ, ಒಂದನ್ನೊಂದು ಮುಟ್ಟದೆ ಕೆಲಸ ಮಾಡುತ್ತವೆ. ಮೊದಲ ಸಲ ಸ್ವಿಚ್ ಬದಲಿಸಿದ್ದರು. ಎರಡನೇ ಸಲವೂ ಸ್ವಿಚ್ಚನ್ನೇ ಬದಲಿಸಿದ್ದರು. ಮೂರನೆಯದನ್ನು ಆರ್ಡರ್ ಮಾಡುವ ಮೊದಲು ನನ್ನನ್ನು ಕರೆದರು.

ಈ ಸ್ವಿಚ್‌ಗಳು ಅಗ್ಗದವಲ್ಲ. ಕೆಡುವುದೂ ಅಪರೂಪ. ನನಗೆ ಬಂದ ದೂರುಗಳಲ್ಲಿ ಜಾಸ್ತಿ ಬಾಗಿಲಿನವು, ಕೇಬಲ್‌ನವು, ಇಲ್ಲವೇ ಪ್ಯಾನೆಲ್ ಒಳಗಿನವು. ಬಾಗಿಲು ಇರಬೇಕಾದ ಜಾಗದಲ್ಲಿ ಇಲ್ಲ ಅಂತ ಸ್ವಿಚ್ ಹೇಳುತ್ತಿರುತ್ತದೆ. ನಾವು ಬಾಗಿಲು ನೋಡುವುದು ಬಿಟ್ಟು, ಹೇಳಿದವನನ್ನೇ ಬಿಚ್ಚಿ ಎಸೆಯುತ್ತೇವೆ.

ಕೈ ಹಾಕುವ ಮೊದಲು

ಬಾಗಿಲು ತೆಗೆದು ಒಳಗೆ ಕೈ ಹಾಕುವ ಕೆಲಸವಾದರೆ ಮೇನ್ ಐಸೊಲೇಟರ್ ಆಫ್ ಮಾಡಿ, ಬೀಗ ಹಾಕಿ, ಕೀಲಿ ನಿಮ್ಮ ಜೇಬಿನಲ್ಲಿ ಇಟ್ಟುಕೊಳ್ಳಿ. ಸ್ಪಿಂಡಲ್ ಪೂರ್ತಿ ನಿಲ್ಲಲಿ. ಹೈಡ್ರಾಲಿಕ್ ಇದ್ದರೆ ಅಕ್ಯುಮ್ಯುಲೇಟರ್‌ನಲ್ಲಿ ಪ್ರೆಷರ್ ಉಳಿದಿರುತ್ತದೆ, ಅದನ್ನು ಇಳಿಸಿ. ಮೇಲಿಂದ ಕೆಳಗೆ ಬರುವ ಸ್ಲೈಡ್ ಇದ್ದರೆ ಕೆಳಗೆ ಮರದ ದಿಮ್ಮಿ ಕೊಡಿ.

ದೋಷ ಹುಡುಕಲು ಮಾತ್ರ 24 ವೋಲ್ಟ್ ಕಂಟ್ರೋಲ್ ಸಪ್ಲೈ ಬೇಕೇ ಬೇಕು. ಆಗ ಡ್ರೈವ್ ಮತ್ತು ಹೈಡ್ರಾಲಿಕ್ ಮೋಟರ್‌ನ ಎಂಸಿಬಿ ಕೆಳಗೆ ಹಾಕಿ, ಕಂಟ್ರೋಲ್ ಸಪ್ಲೈ ಒಂದನ್ನೇ ಬಿಡಿ. ಸ್ವಿಚ್ ಹೇಳಿದ್ದನ್ನು ಕೇಳಿ ಮಷೀನ್ ನಿಲ್ಲಿಸುವ ಸೇಫ್ಟಿ ರಿಲೇ ಪ್ಯಾನೆಲ್‌ನಲ್ಲಿರುತ್ತದೆ, ಅದನ್ನು ವೈರ್ ಹಾಕಿ ಶಾರ್ಟ್ ಮಾಡಿ "ಒಂದ್ ಸಲ ನೋಡೋಣ" ಅನ್ನಬೇಡಿ. ಆ ವೈರ್ ತೆಗೆಯಲು ಮರೆಯುವವರು ಬೇರೆ ಯಾರೂ ಅಲ್ಲ, ಅವಸರದಲ್ಲಿರುವ ನಾವೇ.

ನಿಮ್ಮ ಹತ್ತಿರ ಇರುವುದು ಯಾವ ಸ್ವಿಚ್?

ಇದು ಗೊತ್ತಿಲ್ಲದೆ ಮೀಟರ್ ಹಿಡಿದರೆ ತಪ್ಪು ರೀಡಿಂಗ್ ನೋಡಿ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಗಾರ್ಡ್ ಇಂಟರ್‌ಲಾಕ್‌ಗಳ ಬಗ್ಗೆ ಇರುವ ಐಎಸ್‌ಒ 14119 ಮಾನದಂಡದ 2013ರ ಆವೃತ್ತಿ ಇವನ್ನು ನಾಲ್ಕು ಟೈಪ್ ಆಗಿ ವಿಂಗಡಿಸಿತ್ತು. ಟೈಪ್ 1 ಅಂದರೆ ರೋಲರ್ ಅಥವಾ ಕ್ಯಾಮ್ ಒತ್ತುವ ಸಾದಾ ಲಿಮಿಟ್ ಸ್ವಿಚ್. ಟೈಪ್ 2 ಅಂದರೆ ನಾಲಿಗೆಯಂಥ ಕೀಲಿ ಒಳಗೆ ಹೋಗುವ ಸ್ವಿಚ್. ಟೈಪ್ 3 ಮತ್ತು 4 ಮುಟ್ಟದೆ ಕೆಲಸ ಮಾಡುವವು. ಮೂರಕ್ಕೆ ಕೋಡ್ ಇಲ್ಲ, ನಾಲ್ಕಕ್ಕೆ ಕೋಡ್ ಇದೆ. ನಮಗೆ ಇಲ್ಲಿ ಬೇಕಾದದ್ದು ಈ ಕೊನೆಯ ಎರಡು.

ಕೆಲಸದ ದೃಷ್ಟಿಯಿಂದ ನೋಡಿದರೆ ಶೆಡ್‌ಗಳಲ್ಲಿ ಸಿಗುವುದು ಎರಡು ಜಾತಿ. ಒಂದು ಮ್ಯಾಗ್ನೆಟಿಕ್. ಒಳಗೆ ಗಾಜಿನ ಕೊಳವೆಯಲ್ಲಿ ರೀಡ್ ಕಾಂಟ್ಯಾಕ್ಟ್‌ಗಳು, ಬಾಗಿಲಿನಲ್ಲಿ ಆಯಸ್ಕಾಂತ. ಸಾಮಾನ್ಯವಾಗಿ ನಾಲ್ಕು ವೈರ್, ಅಂದರೆ ಎರಡು ಕಾಂಟ್ಯಾಕ್ಟ್. ಅದಕ್ಕೆ ತನ್ನದೇ ಸಪ್ಲೈ ಬೇಕಿಲ್ಲ. ಇನ್ನೊಂದು ಆರ್‌ಎಫ್‌ಐಡಿ. ಬಾಗಿಲಿನಲ್ಲಿರುವ ತುಂಡಿನೊಳಗೆ ಚಿಪ್ ಇರುತ್ತದೆ, ಫ್ರೇಮಿನಲ್ಲಿರುವ ಸೆನ್ಸರ್ ಅದನ್ನು ಓದುತ್ತದೆ. ಇದಕ್ಕೆ 24 ವೋಲ್ಟ್ ಬೇಕು. ಇದರಲ್ಲಿ ಕಾಂಟ್ಯಾಕ್ಟ್ ಇರುವುದಿಲ್ಲ, ಓಎಸ್‌ಎಸ್‌ಡಿ ಎಂದು ಕರೆಯುವ ಎರಡು ಟ್ರಾನ್ಸಿಸ್ಟರ್ ಔಟ್‌ಪುಟ್ ಇರುತ್ತವೆ.

ರೀಡ್ ಸ್ವಿಚ್ಚನ್ನು ಕಂಟಿನ್ಯುಟಿ ಹಾಕಿ ನೋಡಬಹುದು. ಓಎಸ್‌ಎಸ್‌ಡಿ ಔಟ್‌ಪುಟ್‌ಗೆ ಬಝರ್ ಹಿಡಿದರೆ ಏನೂ ಗೊತ್ತಾಗುವುದಿಲ್ಲ. ಅಲ್ಲಿ ನೋಡಬೇಕಾದದ್ದು 0 ವೋಲ್ಟ್‌ಗೆ ಹೋಲಿಸಿ ಎಷ್ಟು ವೋಲ್ಟ್ ಬರುತ್ತಿದೆ ಎಂಬುದು. ಎರಡು ಜಾತಿಗೂ ಒಂದು ಮಾತು ಅನ್ವಯಿಸುತ್ತದೆ: ಕೇಬಲ್‌ಗೆ ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಚ್ಚುವ ಮೊದಲು ಸ್ವಿಚ್ ಮತ್ತು ರಿಲೇ ಎರಡನ್ನೂ ಬಿಡಿಸಿ. 500 ವೋಲ್ಟ್ ಹೊಡೆದರೆ ಚೆನ್ನಾಗಿದ್ದ ಸೆನ್ಸರೂ ಹೋಗುತ್ತದೆ. ಆಮೇಲೆ "ಹೌದು, ಸೆನ್ಸರೇ ಹೋಗಿತ್ತು" ಅಂತ ರಿಪೋರ್ಟ್ ಬರೆಯುವುದು ಬೇರೆ.

ಮೊದಲ ಹತ್ತು ನಿಮಿಷ ಸ್ಕ್ರೂ ಡ್ರೈವರ್ ಬೇಡ

ಆಪರೇಟರ್‌ನನ್ನು ಕೇಳಿ. ಮಷೀನ್ ಯಾವಾಗ ನಿಲ್ಲುತ್ತದೆ? ಡೋರ್ ಹಾಕಿದ ತಕ್ಷಣ ಸ್ಟಾರ್ಟ್ ಆಗುವುದಿಲ್ಲವೋ, ಕಟಿಂಗ್ ನಡೆಯುವಾಗ ಮಧ್ಯದಲ್ಲಿ ನಿಲ್ಲುತ್ತದೋ, ಮಷೀನ್ ತೊಳೆದ ಮೇಲೋ, ಕರೆಂಟ್ ಹೋಗಿ ಬಂದ ಮೇಲೋ? ಡೋರ್ ಹಾಕಿದ ತಕ್ಷಣ ಒಪ್ಪದಿದ್ದರೆ ಅಂತರ, ಜೋಡಣೆ ಅಥವಾ ಎರಡು ಚಾನೆಲ್‌ಗಳ, ಅಂದರೆ ಸ್ವಿಚ್‌ನಿಂದ ರಿಲೇಗೆ ಹೋಗುವ ಎರಡು ಬೇರೆ ಬೇರೆ ದಾರಿಗಳ, ಹೊಂದಾಣಿಕೆ ನೋಡಬೇಕು. ಮಧ್ಯದಲ್ಲಿ ನಿಂತರೆ ನಡುಕ, ಸಡಿಲ ವೈರ್ ಇಲ್ಲವೇ ಸಪ್ಲೈ. ತೊಳೆದ ಮೇಲಾದರೆ ಕನೆಕ್ಟರ್‌ಗೆ ನೀರು. ಈ ಒಂದು ಪ್ರಶ್ನೆ ಅರ್ಧ ಕೆಲಸ ಮುಗಿಸುತ್ತದೆ. ಆದರೆ ಆಪರೇಟರ್‌ನನ್ನೇ ಕೇಳಿ. ಆಫೀಸಿನಲ್ಲಿ ಕೇಳಿದರೆ "ಯಾವಾಗಲೂ ನಿಲ್ಲುತ್ತದೆ" ಎಂಬ ಒಂದೇ ಉತ್ತರ.

ನಮ್ಮ ಎಸ್‌ಪಿಎಂನಲ್ಲಿ ಹುಡುಗ ಸ್ಪಷ್ಟವಾಗಿ ಹೇಳಿದ: "ರಫಿಂಗ್ ಹೊಡೀಬೇಕಾದ್ರ ಅಷ್ಟ ನಿಲ್ಲತೈತ್ರಿ. ಫಿನಿಶಿಂಗ್‌ನ್ಯಾಗ ಒಮ್ಮೀನೂ ನಿಂತಿಲ್ಲ." ರಫಿಂಗ್ ಅಂದರೆ ಮೊದಲ ದಪ್ಪ ಕಟಿಂಗ್, ನಡುಕ ಆಗಲೇ ಜಾಸ್ತಿ. ಇದನ್ನು ಅವನು ಮೊದಲೂ ಹೇಳಿದ್ದನಂತೆ. ಯಾರೂ ಕಿವಿಗೊಟ್ಟಿರಲಿಲ್ಲ.

ಆಮೇಲೆ ಪ್ಯಾನೆಲ್ ತೆಗೆದು, ಬಾಗಿಲು ಹಾಕಿದ ಸ್ಥಿತಿಯಲ್ಲಿ ಸೇಫ್ಟಿ ರಿಲೇಯ ದೀಪಗಳನ್ನು ನೋಡಿ. ಹೆಚ್ಚಿನ ರಿಲೇಗಳಲ್ಲಿ ಪವರ್, ಚಾನೆಲ್ 1, ಚಾನೆಲ್ 2 ಅಂತ ಮೂರು ಇರುತ್ತವೆ. ಪವರ್ ದೀಪವೇ ಇಲ್ಲದಿದ್ದರೆ ಬಾಗಿಲ ಕಡೆ ಹೋಗುವ ಅಗತ್ಯವೇ ಇಲ್ಲ, ಎಸ್‌ಎಂಪಿಎಸ್ (24 ವೋಲ್ಟ್ ಕೊಡುವ ಪವರ್ ಸಪ್ಲೈ) ಮತ್ತು ಫ್ಯೂಸ್ ನೋಡಿ. ಪವರ್ ಇದ್ದು ಎರಡೂ ಚಾನೆಲ್ ಇಲ್ಲದಿದ್ದರೆ ಬಾಗಿಲು, ಅಂತರ, ಸೆನ್ಸರ್ ಸಪ್ಲೈ, ಕೇಬಲ್, ಈ ಕ್ರಮದಲ್ಲಿ ಹೋಗಿ. ಒಂದೇ ಚಾನೆಲ್ ಹತ್ತಿದ್ದರೆ ಒಂದು ವೈರ್ ತುಂಡಾಗಿದೆ ಅಥವಾ ಒಂದು ಕಾಂಟ್ಯಾಕ್ಟ್ ಕೈಕೊಟ್ಟಿದೆ.

ಎರಡೂ ಚಾನೆಲ್ ಹತ್ತಿದೆ, ಆದರೂ ಮಷೀನ್ ಏಳುತ್ತಿಲ್ಲ ಅಂದರೆ? ಇಲ್ಲೇ ಜನ ಜಾಸ್ತಿ ಎಡವುವುದು. ಸ್ವಿಚ್ ತನ್ನ ಕೆಲಸ ಮುಗಿಸಿದೆ. ದೋಷ ಇರುವುದು ರಿಸೆಟ್ ಬಟನ್‌ನಲ್ಲಿ ಅಥವಾ ಮೋಟರ್‌ಗೆ ಕರೆಂಟ್ ಕೊಟ್ಟು ಕಡಿಯುವ ಕಾಂಟ್ಯಾಕ್ಟರ್‌ಗಳ ಫೀಡ್‌ಬ್ಯಾಕ್‌ನಲ್ಲಿ. ಮೋಟರ್ ಕಾಂಟ್ಯಾಕ್ಟರ್‌ನ ಎನ್‌ಸಿ (ಆಫ್ ಇದ್ದಾಗ ಮುಚ್ಚಿರುವ) ಕಾಂಟ್ಯಾಕ್ಟ್ ರಿಸೆಟ್ ಸರ್ಕ್ಯೂಟ್ ಮೂಲಕ ವಾಪಸ್ ಬಂದಿರುತ್ತದೆ. ಮೇನ್ ಕಾಂಟ್ಯಾಕ್ಟ್ ಅಂಟಿಕೊಂಡರೆ ಈ ಎನ್‌ಸಿ ಮುಚ್ಚುವುದಿಲ್ಲ. ಆಗ ರಿಲೇ ರಿಸೆಟ್ ಆಗಲು ಒಪ್ಪುವುದಿಲ್ಲ. ಸ್ಕ್ರೀನ್ ಮೇಲೆ ಮಾತ್ರ "ಡೋರ್" ಅಂತಲೇ ಬರುತ್ತಿರುತ್ತದೆ. ಪ್ರೋಗ್ರಾಂ ಬರೆದವರು ಸೇಫ್ಟಿಯ ಎಲ್ಲಾ ಅಲಾರ್ಮ್‌ಗೂ ಒಂದೇ ಹೆಸರು ಕೊಟ್ಟಿರುತ್ತಾರೆ. ಹೀಗೆ ಅಂಟಿದ ಕಾಂಟ್ಯಾಕ್ಟರ್‌ಗಾಗಿ ಡೋರ್ ಸ್ವಿಚ್ ಬದಲಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ.

ವೋಲ್ಟೇಜ್ ನೋಡಬೇಕಾದದ್ದು ಬಾಗಿಲ ಹತ್ತಿರ

ಎಸ್‌ಎಂಪಿಎಸ್ ಮೇಲೆ 24 ತೋರಿಸಿದರೆ ಸೆನ್ಸರ್ ಹತ್ತಿರವೂ 24 ಇರಬೇಕೆಂದೇನಿಲ್ಲ. ಹಲವು ಸೆನ್ಸರ್‌ಗಳು 24 ವೋಲ್ಟ್‌ನಿಂದ ಕೆಳಗೆ 15 ಶೇಕಡಾ, ಮೇಲೆ 10 ಶೇಕಡಾ ತಡೆದುಕೊಳ್ಳುತ್ತವೆ. ಅಂದರೆ 20.4ರಿಂದ 26.4 ವೋಲ್ಟ್. ಉದ್ದ ಕೇಬಲ್, ಸಣ್ಣ ವೈರ್, ಒಂದರಿಂದ ಒಂದಕ್ಕೆ ಹೋಗುವ ನಾಲ್ಕೈದು ಸೆನ್ಸರ್‌ಗಳ ಸರಣಿ ಇದ್ದರೆ ಕೊನೆಯದಕ್ಕೆ ಸಿಗುವುದು ಕಡಿಮೆಯಾಗುತ್ತದೆ. ಅದೇ ಎಸ್‌ಎಂಪಿಎಸ್‌ನಿಂದ ಸೊಲೆನಾಯ್ಡ್ ವಾಲ್ವ್‌ಗಳೂ ನಡೆಯುತ್ತಿದ್ದರೆ, ಅವು ಎಳೆಯುವ ಕ್ಷಣದಲ್ಲಿ ಇನ್ನೂ ಕುಸಿಯುತ್ತದೆ. ಸಾದಾ ಮೀಟರ್‌ಗೆ ಆ ಕುಸಿತ ಕಾಣುವುದಿಲ್ಲ. ಮಿನ್-ಮ್ಯಾಕ್ಸ್ ಇರುವ ಮೀಟರ್ ಇದ್ದರೆ ಅದನ್ನು ಸೆನ್ಸರ್ ತುದಿಯಲ್ಲಿ ಕಟ್ಟಿ, ಡೋರ್ ಹಾಕಿ, ಮಷೀನ್ ಒಂದು ಸೈಕಲ್ ಓಡಿಸಿ.

ಈಗ ಔಟ್‌ಪುಟ್. ಆರ್‌ಎಫ್‌ಐಡಿ ಸೆನ್ಸರ್‌ನಲ್ಲಿ ಬಾಗಿಲು ಹಾಕಿದಾಗ ಎರಡೂ ಔಟ್‌ಪುಟ್ 24ರ ಹತ್ತಿರ ಇರಬೇಕು, ತೆಗೆದಾಗ ಎರಡೂ ಸೊನ್ನೆಯ ಹತ್ತಿರ. ಈ ಔಟ್‌ಪುಟ್‌ಗಳು ಸುಮ್ನೆ ಆನ್ ಆಗಿ ಕೂತಿರುವುದಿಲ್ಲ. ಆಗಾಗ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು ತಾವೇ ಆಫ್ ಆಗಿ, ಲೈನ್ ನಿಜವಾಗಿ ಕೆಳಗೆ ಬಂತಾ ಅಂತ ನೋಡಿಕೊಳ್ಳುತ್ತವೆ. ಕೇಬಲ್ ಎಲ್ಲೋ ಬಾಗಿಲ ಸಂದಿಗೆ ಸಿಕ್ಕಿ ಔಟ್‌ಪುಟ್ ವೈರ್ 24 ವೋಲ್ಟ್ ವೈರ್‌ಗೆ ತಾಗಿದ್ದರೆ ಲೈನ್ ಕೆಳಗೆ ಬರುವುದಿಲ್ಲ. ಸೆನ್ಸರ್ ಇದನ್ನು ಹಿಡಿದು ತಪ್ಪಿನ ದೀಪ ಮಿನುಗಿಸುತ್ತದೆ. ಆ ಮಿನುಗನ್ನು ನೋಡಿ "ಸೆನ್ಸರ್ ಸುಟ್ಟಿದೆ" ಅನ್ನಬೇಡಿ. ಕೇಬಲ್ ಬಿಡಿಸಿ, ಬೇರೆ ಕೇಬಲ್ ಹಾಕಿ ನೋಡಿ. ಎಷ್ಟು ಸಲ ಮಿನುಗಿದರೆ ಏನರ್ಥ ಅಂತ ಆ ಮಾಡೆಲ್‌ನ ಶೀಟ್‌ನಲ್ಲಿ ಬರೆದಿರುತ್ತದೆ. ಡಬ್ಬದಲ್ಲಿ ಬಂದ ಆ ಮಡಚಿದ ಹಾಳೆಯನ್ನು ಪ್ಯಾನೆಲ್ ಬಾಗಿಲಿನ ಒಳಗೆ ಅಂಟಿಸಿಟ್ಟರೆ ರಾತ್ರಿ ಪಾಳಿಯವರು ನಿಮ್ಮನ್ನು ನೆನೆಯುತ್ತಾರೆ.

ರೀಡ್ ತೆಗೆದು ಆರ್‌ಎಫ್‌ಐಡಿ ಹಾಕುವ ರೆಟ್ರೊಫಿಟ್ ಕೆಲಸದಲ್ಲಿ ಎರಡು ತಪ್ಪು ಮತ್ತೆ ಮತ್ತೆ ಸಿಗುತ್ತವೆ. ಒಂದು, ಹಳೆಯ ರಿಲೇ ಕಾಂಟ್ಯಾಕ್ಟ್‌ಗಳಿಗಷ್ಟೇ ಮಾಡಿದ್ದು, ಓಎಸ್‌ಎಸ್‌ಡಿ ಒಪ್ಪುವುದಿಲ್ಲ. ಎರಡು, ಸೆನ್ಸರ್‌ಗೆ ಒಂದು ಎಸ್‌ಎಂಪಿಎಸ್, ರಿಲೇಗೆ ಇನ್ನೊಂದು. ಎರಡರ 0 ವೋಲ್ಟ್ ಒಂದಕ್ಕೊಂದು ಸೇರಿಸಿರುವುದಿಲ್ಲ. ಸೆನ್ಸರ್ ದೀಪ ಚೆಂದ ಹಸಿರು, ರಿಲೇ ಮಾತ್ರ ಸತ್ತಂತೆ. ಅರ್ಧ ದಿನ ತಲೆ ಕೆಡಿಸಿಕೊಳ್ಳಬಹುದು.

ರೀಡ್ ಸ್ವಿಚ್‌ನಲ್ಲಿ ಸಪ್ಲೈ ಆಫ್ ಮಾಡಿ, ರಿಲೇಯಿಂದ ವೈರ್ ಬಿಡಿಸಿ ರೆಸಿಸ್ಟೆನ್ಸ್ ನೋಡಿ. ಬಾಗಿಲು ಹಾಕಿದಾಗ ಕೆಲವು ಮಾಡೆಲ್‌ಗಳಲ್ಲಿ ಎರಡೂ ಕಾಂಟ್ಯಾಕ್ಟ್ ಮುಚ್ಚಿರುತ್ತವೆ, ಕೆಲವುಗಳಲ್ಲಿ ಒಂದು ಮುಚ್ಚಿ ಒಂದು ತೆರೆದಿರುತ್ತದೆ. ಡಯಾಗ್ರಾಮ್ ನೋಡದೆ ತೀರ್ಮಾನ ಬೇಡ. ಒಳಗೇ ರೆಸಿಸ್ಟರ್ ಅಥವಾ ಎಲ್‌ಇಡಿ ಕೂರಿಸಿದ ಮಾಡೆಲ್‌ಗಳೂ ಇವೆ, ಅವುಗಳಲ್ಲಿ ಸೊನ್ನೆ ಓಮ್ ಬರುವುದಿಲ್ಲ. ಬಾಗಿಲು ತೆಗೆದು ಹಾಕಿದರೂ ಒಂದು ಕಾಂಟ್ಯಾಕ್ಟ್ ಬದಲಾಗುವುದೇ ಇಲ್ಲ ಅಂದರೆ ಅದು ಅಂಟಿದೆ. ರೀಡ್ ಕಾಂಟ್ಯಾಕ್ಟ್ ಬಹಳ ಸೂಕ್ಷ್ಮ. ಯಾರೋ ಅದರಿಂದ ನೇರವಾಗಿ ಕಾಂಟ್ಯಾಕ್ಟರ್ ಕಾಯಿಲ್ ಓಡಿಸಿರುತ್ತಾರೆ, ಅಥವಾ ಟೆಸ್ಟ್ ಲ್ಯಾಂಪ್ ಹಚ್ಚಿರುತ್ತಾರೆ. ಸ್ವಿಚ್ ಕೆಟ್ಟಿತು ಎಂದು ನಿಜವಾಗಿ ಹೇಳಬಹುದಾದ ಕೆಲವೇ ಸಂದರ್ಭಗಳಲ್ಲಿ ಇದೊಂದು. ಹೊಸದು ಹಾಕುವ ಮೊದಲು ಕೆಡಿಸಿದ್ದು ಏನು ಅಂತ ನೋಡಿ.

ಬಾಗಿಲು, ಬಾಗಿಲು, ಬಾಗಿಲು

ಪ್ರತಿ ಸ್ವಿಚ್‌ಗೂ ಎರಡು ಅಂತರ ಬರೆದಿರುತ್ತಾರೆ. ಎಸ್‌ಎಒ ಅಂದರೆ ಅದಕ್ಕಿಂತ ಹತ್ತಿರ ಬಂದರೆ ಬಾಗಿಲು ಮುಚ್ಚಿದೆ ಎಂದು ಖಂಡಿತ ಒಪ್ಪುತ್ತದೆ. ಎಸ್‌ಎಆರ್ ಅಂದರೆ ಅದಕ್ಕಿಂತ ದೂರ ಹೋದರೆ ತೆರೆದಿದೆ ಎಂದು ಖಂಡಿತ ಹೇಳುತ್ತದೆ. ನಮ್ಮ ಎಸ್‌ಪಿಎಂನ ಸೆನ್ಸರ್‌ಗೆ ಇದು 10 ಮತ್ತು 20 ಮಿಲಿಮೀಟರ್. 10ರಿಂದ 20ರ ನಡುವೆ? ಅಲ್ಲಿ ಯಾವ ಭರವಸೆಯೂ ಇಲ್ಲ. ಇವತ್ತು ಆನ್, ನಾಳೆ ಆಫ್. ಬಾಗಿಲು ಆ ಜಾಗದಲ್ಲಿ ನಿಂತರೆ ಮಷೀನ್ ಸುಮ್ನೆ ಆಟ ಆಡಿಸುತ್ತದೆ. ಇನ್ನೊಂದು ಮಾತು: ಈ ಅಂಕಿಗಳು ಎರಡು ಮುಖ ನೇರ ಎದುರುಬದುರು ಇದ್ದಾಗಿನವು. ಒಂದು ಮೇಲೆ ಒಂದು ಕೆಳಗೆ ಸರಿದಿದ್ದರೆ ಇಷ್ಟು ದೂರ ಸಿಗುವುದಿಲ್ಲ.

ಅಂತರ ಅಳೆಯಲು ಸ್ಟೀಲಿನ ಫೀಲರ್ ಗೇಜ್ ತೂರಿಸಬೇಡಿ. ಆಯಸ್ಕಾಂತದ ಸ್ವಿಚ್ ಆದರೆ ಆ ಸ್ಟೀಲೇ ಲೆಕ್ಕ ತಪ್ಪಿಸುತ್ತದೆ. ಹಿತ್ತಾಳೆ ಶಿಮ್, ಪ್ಲಾಸ್ಟಿಕ್ ಪಟ್ಟಿ, ಏನೂ ಇಲ್ಲದಿದ್ದರೆ ಹಳೆಯ ಎಟಿಎಂ ಕಾರ್ಡುಗಳು. ಒಂದು ಕಾರ್ಡಿನ ದಪ್ಪ 0.76 ಮಿಲಿಮೀಟರ್, ನಾಲ್ಕು ಸೇರಿದರೆ ಸುಮಾರು 3.

ಬಾಗಿಲು ಹಾಕಿ, ಸೆನ್ಸರ್‌ನ ದೀಪ ನೋಡುತ್ತಾ, ಬಾಗಿಲನ್ನು ಕೈಯಿಂದ ಮೇಲೆತ್ತಿ, ಕೆಳಗೆ ಒತ್ತಿ, ಒಳಗೆ ತಳ್ಳಿ, ಹೊರಗೆ ಎಳೆಯಿರಿ. ಸೇಫ್ಟಿ ಸ್ವಿಚ್ ಪರೀಕ್ಷೆಗಳಲ್ಲಿ ಇಷ್ಟು ಬೇಗ ಉತ್ತರ ಕೊಡುವುದು ಬೇರೆ ಇಲ್ಲ. ದೀಪ ಅಲುಗಾಡಿದರೆ ಸಿಕ್ಕಿತು ಅನ್ನಿ. ಕೆಲವು ಮಾಡೆಲ್‌ಗಳು ಬಾಗಿಲು ಅಂಚಿನ ಅಂತರದಲ್ಲಿದ್ದಾಗ ಆನ್ ಇದ್ದೂ ಮಿನುಗುತ್ತವೆ. ಅದು ಮೊದಲೇ ಕೊಡುವ ಎಚ್ಚರಿಕೆ.

ನಮ್ಮ ಎಸ್‌ಪಿಎಂನಲ್ಲಿ ಇದು ಮೊದಲ ಸಲಕ್ಕೆ ಸಿಗಲಿಲ್ಲ. ಮಷೀನ್ ನಿಂತಿದ್ದಾಗ ಎತ್ತಿದರೂ ಒತ್ತಿದರೂ ದೀಪ ಕದಲಲಿಲ್ಲ. ರಫಿಂಗ್ ಎಂಬ ಮಾತು ತಲೆಯಲ್ಲಿತ್ತಲ್ಲ, ಹಾಗಾಗಿ ಮೊಬೈಲ್ ಅನ್ನು ಗಾರ್ಡ್‌ನ ಹೊರಗೆ ಫ್ರೇಮಿಗೆ ಟೇಪಿನಿಂದ ಕಟ್ಟಿ, ಕ್ಯಾಮೆರಾ ಸೆನ್ಸರ್‌ನ ದೀಪದ ಮೇಲೆ ಇಟ್ಟು, ಸ್ಲೋ ಮೋಷನ್ ಹಾಕಿದೆ. ಬಾಗಿಲ ಅಂಚಿಗೂ ಫ್ರೇಮಿಗೂ ಸೇರಿಸಿ ಮಾರ್ಕರ್‌ನಿಂದ ಒಂದು ಗೆರೆ ಎಳೆದೆ. ಹುಡುಗ ಜಾಬ್ ಹಾಕಿ ಸೈಕಲ್ ಕೊಟ್ಟ. ಮೂರನೇ ಜಾಬಿಗೆ ನಿಂತಿತು. ವಿಡಿಯೊದಲ್ಲಿ ನೋಡಿದರೆ ಗೆರೆಯ ಎರಡು ತುಂಡುಗಳು ಒಂದರ ಪಕ್ಕ ಒಂದು ಕುಣಿಯುತ್ತಿದ್ದವು. ಬಾಗಿಲು ನಡುಗುತ್ತಾ ಸ್ವಲ್ಪ ಸ್ವಲ್ಪವೇ ಹಿಂದೆ ಸರಿದಿತ್ತು. ದೀಪ ಒಮ್ಮೆ ಮಿನುಗಿ ಹೋಯಿತು, ಮಷೀನ್ ನಿಂತಿತು.

ಬಾಗಿಲನ್ನು ಬಿಚ್ಚಿ ಇಳಿಸಿದೆವು. ಕೆಳಗಿನ ಎರಡು ರೋಲರ್‌ಗಳಲ್ಲಿ ಮುಂದಿನದರ ಬೇರಿಂಗ್ ಪುಡಿಯಾಗಿತ್ತು. ಆ ಬದಿ ಬಾಗಿಲು 4 ಮಿಲಿಮೀಟರ್ ಕೆಳಗೆ ಕೂತಿತ್ತು. ಜೊತೆಗೆ ಕೆಳಗಿನ ಹಳಿಯ ಕೊನೆಯಲ್ಲಿ ಕ್ಯಾಸ್ಟ್ ಐರನ್ ಪುಡಿ ಕೂಲಂಟ್ ಜೊತೆ ಸೇರಿ ಸಿಮೆಂಟಿನ ಹಾಗೆ ಗಟ್ಟಿಯಾಗಿತ್ತು. ಬಾಗಿಲು ಆ ಗಡ್ಡೆಗೆ ಬಡಿದು ನಿಲ್ಲುತ್ತಿತ್ತು. ಫ್ರೇಮ್ ಮುಟ್ಟಲು ಇನ್ನೂ 7 ಮಿಲಿಮೀಟರ್ ಬಾಕಿ. ಕಣ್ಣಿಗೆ ಬಾಗಿಲು ಹಾಕಿದಂತೆಯೇ ಕಾಣುತ್ತದೆ, ಯಾಕೆಂದರೆ ಅಂಚಿನ ರಬ್ಬರ್ ಸಂದಿಯನ್ನು ಮುಚ್ಚಿಬಿಡುತ್ತದೆ. ಬಾಗಿಲು ತಾನಾಗಿ ಮುಚ್ಚಿ ನಿಲ್ಲಲು ಹಾಕಿದ್ದ ಸ್ಪ್ರಿಂಗ್ ಕ್ಯಾಚ್ ಕೂಡ ಆ ದೂರದಲ್ಲಿ ಹಿಡಿಯುತ್ತಿರಲಿಲ್ಲ. ಮಾಮೂಲಿ ಅಂತರದ ಮೇಲೆ ಇನ್ನೂ 7 ದೂರ, 4 ಕೆಳಗೆ, ಅದರ ಮೇಲೆ ನಡುಕ. ಎಂಥ ಸ್ವಿಚ್ ಹಾಕಿದರೂ ಇದೇ ಕಥೆ. ಎರಡು ಸಲ ಬದಲಿಸಿದಾಗಲೂ ಹೊಸ ಸ್ವಿಚ್ಚಿನ ಬ್ರಾಕೆಟ್ಟನ್ನು ಸ್ವಲ್ಪ ಮುಂದೆ ತಂದು ಕೂರಿಸಿದ್ದರು. ಅದಕ್ಕೇ ಒಂದು ವಾರ ಓಡಿತು. ಸ್ವಿಚ್ ಹೊಸದು ಎಂಬ ಕಾರಣಕ್ಕಲ್ಲ.

ಬೆಳಗಾವಿಯಲ್ಲಿ ಫೌಂಡ್ರಿ ಕೆಲಸ ಜಾಸ್ತಿ, ಹಾಗಾಗಿ ಕ್ಯಾಸ್ಟ್ ಐರನ್ ಪುಡಿಯ ಕಾಟ ನಮಗೆ ಬೇರೆಯವರಿಗಿಂತ ಹೆಚ್ಚು. ಮ್ಯಾಗ್ನೆಟಿಕ್ ಸ್ವಿಚ್ ಇದ್ದಲ್ಲಿ ಆಯಸ್ಕಾಂತದ ಮೇಲೆ ಗಡ್ಡ ಬೆಳೆದ ಹಾಗೆ ಪುಡಿ ನಿಲ್ಲುತ್ತದೆ. ಬಟ್ಟೆಯಿಂದ ಒರೆಸಿದರೆ ಅದು ಜಾಗ ಬದಲಿಸುತ್ತದೆ ಅಷ್ಟೇ. ಪ್ಯಾಕಿಂಗ್ ಟೇಪನ್ನು ಒತ್ತಿ ಕಿತ್ತರೆ ಸ್ವಚ್ಛವಾಗಿ ಬರುತ್ತದೆ. ಏರ್ ಗನ್ ಬೇಡ, ಪುಡಿ ಹಾರಿ ಕನೆಕ್ಟರ್ ಒಳಗೂ ನಿಮ್ಮ ಕಣ್ಣಿಗೂ ಹೋಗುತ್ತದೆ.

ಕೂರಿಸುವಾಗಿನ ತಪ್ಪುಗಳನ್ನೂ ಇಲ್ಲೇ ನೋಡಿಬಿಡಿ. ಆಯಸ್ಕಾಂತವನ್ನು ನೇರವಾಗಿ ಎಂಎಸ್ (ಸಾದಾ ಸ್ಟೀಲ್) ಬಾಗಿಲಿಗೆ ಬಿಗಿದರೆ ಅದರ ಬಲದಲ್ಲಿ ಒಂದು ಪಾಲು ಬಾಗಿಲೇ ನುಂಗುತ್ತದೆ. ನಡುವೆ ಅಲ್ಯುಮಿನಿಯಂ ಅಥವಾ ನೈಲಾನ್ ಪ್ಯಾಕಿಂಗ್ ಕೊಡಿ. ಆರ್‌ಎಫ್‌ಐಡಿಗೂ ಸುತ್ತ ಲೋಹ ಇದ್ದರೆ ದೂರ ಕಡಿಮೆಯಾಗುತ್ತದೆ. ಎರಡೂ ತುಂಡುಗಳ ಮೇಲೆ ಇರುವ ಗುರುತುಗಳು ಎದುರುಬದುರು ಬರಬೇಕು. ಸ್ವಿಚ್ ಬಾಗಿಲಿಗೆ ಸ್ಟಾಪರ್ ಅಲ್ಲ. ಬಾಗಿಲು ಬಂದು ಅದಕ್ಕೇ ಬಡಿಯುತ್ತಿದ್ದರೆ ಪ್ಲಾಸ್ಟಿಕ್ ಕವಚ ಕಣ್ಣಿಗೆ ಕಾಣದಂತೆ ಬಿರುಕು ಬಿಟ್ಟು ಕೂಲಂಟ್ ಕುಡಿಯುತ್ತದೆ. ಪ್ರತ್ಯೇಕ ರಬ್ಬರ್ ಸ್ಟಾಪರ್ ಹಾಕಿಸಿ. ಆ ರಬ್ಬರ್ ಹಳೆಯದಾಗಿ ಕಲ್ಲಾದರೆ ಬಾಗಿಲು ಬಡಿದು ವಾಪಸ್ ಪುಟಿಯುತ್ತದೆ, ಅದೂ ಒಂದು ದೋಷವೇ.

ಮಳೆ, ಕೂಲಂಟ್, ಕನೆಕ್ಟರ್

ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಶೆಡ್‌ನೊಳಗೆ ಗೋಡೆಯೇ ಬೆವರುತ್ತದೆ. ಎಂ12 ಕನೆಕ್ಟರ್‌ಗೆ ಐಪಿ 67 (ಧೂಳು, ನೀರು ಒಳಗೆ ಹೋಗದು) ಎಂದು ಬರೆದಿದ್ದರೂ ಅದು ಪೂರ್ತಿ ಬಿಗಿದಾಗ ಮಾತ್ರ. ಕೈಯಲ್ಲಿ ಅರ್ಧ ತಿರುಗಿಸಿ ಬಿಟ್ಟಿದ್ದರೆ ಕೂಲಂಟ್ ಒಳಗೆ ಇಳಿಯುತ್ತದೆ. ಬಿಚ್ಚಿ ನೋಡಿ, ಪಿನ್ ಮೇಲೆ ಹಸಿರು ಕಿಲುಬು ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಸಮಾಧಾನ ಪಡಬೇಡಿ, ಕೇಬಲ್ ಬದಲಿಸಿ. ಕೂಲಂಟ್ ವೈರಿನ ಎಳೆಗಳ ನಡುವೆ ನುಸುಳಿ ಮೀಟರ್‌ಗಟ್ಟಲೆ ಹೋಗಿರುತ್ತದೆ. ಕೇಬಲ್ ಕನೆಕ್ಟರ್‌ಗೆ ಬರುವ ಮೊದಲು ಸ್ವಲ್ಪ ಕೆಳಗೆ ಜೋತು ಬೀಳುವಂತೆ ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಬಾಗಿಲ ಜೊತೆ ಕೇಬಲ್ ಓಡಾಡುವ ಜೋಡಣೆ ಇದ್ದರೆ ಬಾಗುವ ಜಾಗದಲ್ಲಿ ಒಳಗಿನ ತಾಮ್ರ ತುಂಡಾಗಿ ಹೊರಗಿನ ರಬ್ಬರ್ ಚೆನ್ನಾಗಿಯೇ ಇರುತ್ತದೆ. ಅಂಥ ಕೇಬಲ್ಲನ್ನು ಕೈಯಲ್ಲಿ ಬಾಗಿಸುತ್ತಾ ದೀಪ ನೋಡಿ. ಡ್ರೈವ್‌ನಿಂದ ಮೋಟರ್‌ಗೆ ಹೋಗುವ ಕೇಬಲ್ ಜೊತೆ ಒಂದೇ ಟ್ರೇಯಲ್ಲಿ ಸೆನ್ಸರ್ ಕೇಬಲ್ ಓಡಿಸಬೇಡಿ.

ಮೂರು ಬಾಗಿಲು, ಒಂದು ರಿಲೇ

ಇದನ್ನು ನಿಧಾನವಾಗಿ ಓದಿ. ರೀಡ್ ಸ್ವಿಚ್‌ಗಳನ್ನು ಸೀರೀಸ್‌ನಲ್ಲಿ ಹಾಕಿ ಮೂರು ಬಾಗಿಲಿಗೆ ಒಂದೇ ರಿಲೇ ಕೊಟ್ಟಿರುವುದು ಮಾಮೂಲಿ. ಒಂದನೇ ಬಾಗಿಲಿನ ಒಂದು ಕಾಂಟ್ಯಾಕ್ಟ್ ಅಂಟಿಕೊಂಡಿದೆ ಅಂದುಕೊಳ್ಳಿ. ಆ ಬಾಗಿಲು ತೆಗೆದರೆ ಚಾನೆಲ್ 1 ಹೋಗುತ್ತದೆ, ಚಾನೆಲ್ 2 ಹೋಗುವುದಿಲ್ಲ. ರಿಲೇ ಮಷೀನ್ ನಿಲ್ಲಿಸುತ್ತದೆ, ತಪ್ಪು ಕಂಡು ರಿಸೆಟ್ ಆಗಲು ಒಪ್ಪುವುದಿಲ್ಲ. ಇಲ್ಲಿಯ ತನಕ ಸರಿ.

ಆಪರೇಟರ್ ಒಂದನೇ ಬಾಗಿಲು ಹಾಕುತ್ತಾನೆ. ಮಷೀನ್ ಏಳುವುದಿಲ್ಲ. "ಬ್ಯಾರೆ ಬಾಗಲಾ ತಗದ್ ಹಾಕಿ ನೋಡೂಣು" ಅಂತ ಎರಡನೇ ಬಾಗಿಲು ತೆಗೆದು ಹಾಕುತ್ತಾನೆ. ಅದು ಚೆನ್ನಾಗಿದೆ, ಎರಡೂ ಚಾನೆಲ್ ಸರಿಯಾಗಿ ಹೋಗಿ ಬರುತ್ತವೆ. ರಿಲೇಗೆ ತೃಪ್ತಿ, ರಿಸೆಟ್ ಆಗುತ್ತದೆ. ದೋಷ ಮಾತ್ರ ಒಂದನೇ ಬಾಗಿಲಿನಲ್ಲಿ ಹಾಗೇ ಇದೆ. ಇನ್ನು ಆ ಬಾಗಿಲಿನ ಇನ್ನೊಂದು ಕಾಂಟ್ಯಾಕ್ಟೂ ಅಂಟಿದರೆ, ಬಾಗಿಲು ತೆಗೆದಾಗ ಮಷೀನ್ ನಿಲ್ಲುವುದೇ ಇಲ್ಲ. ಇದಕ್ಕೆ ದೋಷ ಮುಚ್ಚಿಹೋಗುವುದು ಎನ್ನುತ್ತಾರೆ. ಇದಕ್ಕೆಂದೇ ಐಎಸ್‌ಒ/ಟಿಆರ್ 24119 ಎಂಬ ಪ್ರತ್ಯೇಕ ದಾಖಲೆಯೂ ಇತ್ತು. ಒಂದು ಬಾಗಿಲು ಹಾಕಿದಾಗ ಏಳದ ಮಷೀನ್ ಇನ್ನೊಂದನ್ನು ತೆಗೆದು ಹಾಕಿದಾಗ ಎದ್ದರೆ, ಅದು ಗುಣವಾದ ಲಕ್ಷಣ ಅಲ್ಲ. ಮೊದಲ ಬಾಗಿಲಿನ ಸ್ವಿಚ್ಚನ್ನು ಆಗಲೇ ನೋಡಬೇಕು. ಕರೆಂಟ್ ಆಫ್-ಆನ್ ಮಾಡಿದಾಗ ಸರಿಹೋಗುವ ದೋಷಕ್ಕೂ ಇದೇ ಮಾತು. ಆರ್‌ಎಫ್‌ಐಡಿ ಸೆನ್ಸರ್‌ಗಳು ಪ್ರತಿಯೊಂದೂ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದರಿಂದ ಅವುಗಳ ಸರಣಿಯಲ್ಲಿ ಈ ತೊಂದರೆ ಇಲ್ಲ. ನನ್ನ ಕೇಳಿದರೆ ಮೂರು ಬಾಗಿಲಿನ ಮಷೀನ್‌ಗೆ ರೀಡ್ ಸರಣಿ ಹಾಕಲೇಬಾರದು.

ಬದಲಿಸಲೇಬೇಕಾದಾಗ

ಕೆಲವು ಆರ್‌ಎಫ್‌ಐಡಿ ಸೆನ್ಸರ್‌ಗಳು ಆ ಜಾತಿಯ ಯಾವ ತುಂಡನ್ನಾದರೂ ಒಪ್ಪುತ್ತವೆ. ಕೆಲವು ತಾವು ಕಲಿತ ಒಂದೇ ತುಂಡನ್ನು ಒಪ್ಪುತ್ತವೆ. ಎರಡನೇ ಜಾತಿಯಲ್ಲಿ ಪಕ್ಕದ ಮಷೀನಿನ ಬಾಗಿಲು ತಂದು ಹಾಕಿದರೆ ಕೆಲಸ ಮಾಡುವುದಿಲ್ಲ, ಮಾಡಬಾರದು. ಹೊಸ ತುಂಡನ್ನು ಕಲಿಸಬೇಕು. ಕೆಲವು ಮಾಡೆಲ್‌ಗಳಲ್ಲಿ ಹೀಗೆ ಕಲಿಸಲು ಇಷ್ಟೇ ಸಲ ಎಂಬ ಮಿತಿ ಇರುತ್ತದೆ, ಕೆಲವುಗಳಲ್ಲಿ ಕಲಿಸಿದ ಮೇಲೆ ಸ್ವಲ್ಪ ಹೊತ್ತು ಕಾಯಬೇಕು. ಕಾಯದೆ ಸಪ್ಲೈ ತೆಗೆದು "ಇದೂ ಕೆಟ್ಟಿದೆ" ಅನ್ನಬೇಡಿ.

ಕಟ್ಟಿಟ್ಟ ಆಯಸ್ಕಾಂತ

ಒಂದು ಶೆಡ್‌ನಲ್ಲಿ ಸ್ವಿಚ್ಚಿನ ಮೇಲೆ ಇನ್ನೊಂದು ಆಯಸ್ಕಾಂತವನ್ನು ಇನ್ಸುಲೇಷನ್ ಟೇಪಿನಿಂದ ಸುತ್ತಿದ್ದು ಸಿಕ್ಕಿತು. ಟೇಪಿನ ಮೇಲೆ ಎಣ್ಣೆ ಕೂತು ಕಪ್ಪಗಾಗಿತ್ತು. ಎಷ್ಟು ದಿನದಿಂದ ಇತ್ತೋ. ಬಾಗಿಲು ಇತ್ತು, ಬಾಗಿಲಿಗೆ ಅರ್ಥ ಇರಲಿಲ್ಲ. ಕೋಡ್ ಇಲ್ಲದ ಟೈಪ್ 3 ಸ್ವಿಚ್ಚನ್ನು ಯಾವ ಆಯಸ್ಕಾಂತದಿಂದಲೂ ಮೋಸ ಮಾಡಬಹುದು. ಕೋಡ್ ಇರುವುದನ್ನು ತಂದಿರುವುದೇ ಇದಕ್ಕೆ. ಚಲಿಸುವ ಭಾಗಗಳಿಗೆ ಬೇಲಿ ಇರಬೇಕು ಎನ್ನುವುದನ್ನು 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಮೇ ಹೇಳಿತ್ತು, ಹೊಸ ವಿಷಯವೇನಲ್ಲ.

ಕಟ್ಟಿದ ಹುಡುಗನನ್ನು ಬೈಯುವ ಮೊದಲು ಯಾಕೆ ಕಟ್ಟಿದ ಅಂತ ಕೇಳಿದೆ. "ದಿನಕ್ಕ ಹತ್ತ ಸಲ ನಿಲ್ಲತಿತ್ರಿ ಅಣ್ಣಾರ. ಹೇಳಿ ಹೇಳಿ ಸಾಕಾತು." ಅಲ್ಲಿಯೂ ಕಾರಣ ಬಾಗಿಲಿನ ಜೋತುಬಿದ್ದ ಹಿಂಜ್. ಹಿಂಜ್ ಸರಿ ಮಾಡಿದ ಮೇಲೆ ಆಯಸ್ಕಾಂತ ಕಟ್ಟುವ ಅಗತ್ಯವೇ ಉಳಿಯಲಿಲ್ಲ. ಅಲಾರ್ಮ್ ಇದ್ದಕ್ಕಿದ್ದಂತೆ ಪೂರ್ತಿ ನಿಂತುಹೋದ ಮಷೀನ್ ಕಂಡರೆ ನಾನು ಈಗ ಮೊದಲು ಟೇಪ್ ಹುಡುಕುತ್ತೇನೆ.

ರಿಪೇರಿ ಆದ ಮೇಲೆ

ಮಷೀನ್ ಎದ್ದಿತು ಅಂದರೆ ಕೆಲಸ ಮುಗಿಯಿತು ಅಂತಲ್ಲ. ಪ್ರತಿ ಬಾಗಿಲನ್ನೂ ಒಂದೊಂದಾಗಿ ತೆಗೆದು ನೋಡಿ, ನಿಲ್ಲಬೇಕು. ಬಾಗಿಲು ಹಾಕಿದ ಮಾತ್ರಕ್ಕೆ ತಾನಾಗಿ ಏಳಬಾರದು, ರಿಸೆಟ್ ಅಥವಾ ಸ್ಟಾರ್ಟ್ ಕೇಳಬೇಕು. ಆಮೇಲೆ ಕಂಟ್ರೋಲ್ ಸಪ್ಲೈ ಮಾತ್ರ ಬಿಟ್ಟು, ಚಾನೆಲ್ 1ರ ವೈರ್ ಒಂದನ್ನು ಬಿಡಿಸಿ, ರಿಲೇ ಬೀಳಬೇಕು. ವಾಪಸ್ ಹಾಕಿ, ಚಾನೆಲ್ 2ಕ್ಕೂ ಅದನ್ನೇ ಮಾಡಿ. ಅಪರೂಪಕ್ಕೆ ತೆಗೆಯುವ ಬಾಗಿಲುಗಳಿಗೆ ಐಎಸ್‌ಒ 14119 ಇಂಥ ಪರೀಕ್ಷೆಯನ್ನು ಪಿಎಲ್ ಇ ಮಟ್ಟಕ್ಕೆ ತಿಂಗಳಿಗೊಮ್ಮೆಯಾದರೂ, ಪಿಎಲ್ ಡಿ ಮಟ್ಟಕ್ಕೆ ವರ್ಷಕ್ಕೊಮ್ಮೆಯಾದರೂ ಕೇಳುತ್ತದೆ. ಪಿಎಲ್ ಅಂದರೆ ಸೇಫ್ಟಿ ಸರ್ಕ್ಯೂಟ್ ಎಷ್ಟು ನಂಬಬಹುದು ಎಂಬ ಮಟ್ಟ, ಇ ಎಲ್ಲಕ್ಕಿಂತ ಮೇಲಿನದು, ಡಿ ಅದರ ಕೆಳಗಿನದು. ದಿನಕ್ಕೆ ನೂರು ಸಲ ತೆಗೆಯುವ ಬಾಗಿಲಿಗಿಂತ ವರ್ಷಕ್ಕೆರಡು ಸಲ ತೆಗೆಯುವ ಹಿಂದಿನ ಬಾಗಿಲಿನ ಬಗ್ಗೆ ನನಗೆ ಭಯ ಜಾಸ್ತಿ. ಅದು ಅಂಟಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ.

ಎಸ್‌ಪಿಎಂಗೆ ನಾಲ್ಕೂ ರೋಲರ್ ಹೊಸದಾಗಿ ಹಾಕಿದೆವು. ಹಳಿಯ ಕೊನೆಯಲ್ಲಿ ಪುಡಿ ಕೆಳಗೆ ಬೀಳಲಿ ಅಂತ ಎರಡು ಇಂಚಿನ ಕಿಂಡಿ ಕತ್ತರಿಸಿದೆವು. ಬ್ರಾಕೆಟ್ ಮೊದಲಿದ್ದ ಜಾಗಕ್ಕೆ ವಾಪಸ್ ಹೋಯಿತು. ಅಂತರ ಈಗ ನಾಲ್ಕು ಎಟಿಎಂ ಕಾರ್ಡ್. ಬಿಚ್ಚಿ ಬಿಸಾಡಲು ಇಟ್ಟಿದ್ದ ಎರಡು ಹಳೆಯ ಸ್ವಿಚ್‌ಗಳನ್ನು ಟೇಬಲ್ ಮೇಲೆ 24 ವೋಲ್ಟ್ ಕೊಟ್ಟು ನೋಡಿದೆ. ಎರಡರ ಔಟ್‌ಪುಟ್‌ಗಳೂ ಸರಿಯಾಗಿ ಹೋಗಿ ಬಂದವು. "ಚಲೋ ಅದಾವ" ಅಂತ ಚೀಟಿ ಅಂಟಿಸಿ ಸ್ಟೋರ್‌ಗೆ ಕೊಟ್ಟು ಬಂದೆ.